ಬಾಗಿಲು ತೆಗೆಯುವವರ ದಾರಿ

ಸ್ಪೇನಿನಲ್ಲಿ ಕಮಿನೋ ಎಂಬ ಹಳೆಯ ಪಾದಯಾತ್ರೆಯ ದಾರಿ ನಡೆಯಲು ಹೊರಟವರಿಗೆ ಒಂದು ಸಲಹೆ ತಪ್ಪದೆ ಸಿಗುತ್ತದೆ. ಬುರ್ಗೋಸ್‌ವರೆಗೆ ನಡೆಯಿರಿ, ಅಲ್ಲಿಂದ ಲೆಯೋನ್‌ಗೆ ಬಸ್ ಹಿಡಿಯಿರಿ, ನಡುವೆ ಏನೂ ಇಲ್ಲ. ನನಗೂ ಸಿಕ್ಕಿತ್ತು. ಹೊರಡುವ ಮೊದಲೇ ಬೆಂಗಳೂರಿನಲ್ಲಿ ಗೆಳೆಯರೊಬ್ಬರು ಹೇಳಿದರು. ಫ್ರಾನ್ಸಿನ ಗಡಿಯಿಂದ ಜೊತೆಯಲ್ಲಿ ನಡೆದು ಬಂದವರು ಹೇಳಿದರು. ಬುರ್ಗೋಸ್‌ನ ಅಲ್ಬೆರ್ಗೆಯಲ್ಲಿ, ಅಂದರೆ ಯಾತ್ರಿಕರ ಛತ್ರದಲ್ಲಿ, ಮಂಚಕ್ಕಾಗಿ ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದಿದ್ದ ಗಂಡ ಹೆಂಡತಿ ಫೋನಿನಲ್ಲಿ ಬಸ್ ಟಿಕೆಟ್ ತೆಗೆಯುತ್ತಿದ್ದರು. ಎಲ್ಲರದ್ದೂ ಒಂದೇ ಕಾರಣ. ಮೆಸೆತಾ ಅಂದರೆ ಬಯಲು. ನೆರಳಿಲ್ಲ, ಬೆಟ್ಟವಿಲ್ಲ, ಎತ್ತ ನೋಡಿದರೂ ಗೋಧಿ ಹೊಲ, ಅದೂ ಕೊಯ್ಲು ಮುಗಿದ ಮೇಲೆ ಬರೀ ಕೂಳೆ. ಸುಮ್ನೆ ಯಾಕೆ ಕಾಲು ಸವೆಸಬೇಕು?

ಆ "ಏನೂ ಇಲ್ಲ" ಅನ್ನುವ ಮಾತು ನನ್ನನ್ನು ಈಗಲೂ ಕೊರೆಯುತ್ತದೆ. ಬುರ್ಗೋಸ್‌ನಿಂದ ಲೆಯೋನ್‌ವರೆಗಿನ ಆ ಸುಮಾರು 180 ಕಿಲೋಮೀಟರ್ ನಾನು ನಡೆದೆ. ಈ ದಾರಿ ಸಾವಿರ ವರ್ಷ ಯಾರಿಂದ ಉಳಿದುಕೊಂಡು ಬಂತು ಅನ್ನುವುದು ನನಗೆ ಅರ್ಥವಾಗಿದ್ದು ಅಲ್ಲೇ. ಪಿರಿನೀಸ್ ಬೆಟ್ಟಗಳಲ್ಲಿ ಅರ್ಥವಾಗಲಿಲ್ಲ, ಸಾಂತಿಯಾಗೋದ ದೊಡ್ಡ ಕೆಥೆಡ್ರಲ್ ಮುಂದೆ ನಿಂತಾಗಲೂ ಇಲ್ಲ.

ದಾರಿಯ ಹಿನ್ನೆಲೆ ಬಹಳ ಜನಕ್ಕೆ ಗೊತ್ತಿರುವುದೇ. ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಸ್ಪೇನಿನ ವಾಯವ್ಯ ಮೂಲೆಯ ಸಾಂತಿಯಾಗೋದಲ್ಲಿದೆ ಎಂಬ ನಂಬಿಕೆಯಿಂದ 9ನೇ ಶತಮಾನದಿಂದ ಜನ ಅಲ್ಲಿಗೆ ನಡೆಯುತ್ತಿದ್ದಾರೆ. ದಾರಿಗಳು ಹಲವು. ನಾನು ನಡೆದದ್ದು ಫ್ರೆಂಚ್ ದಾರಿ ಅನ್ನುವ ಸುಮಾರು 780 ಕಿಲೋಮೀಟರಿನದು. ಅದರ ನಟ್ಟನಡುವೆ ಸಿಗುತ್ತದೆ ಮೆಸೆತಾ, ಸಮುದ್ರ ಮಟ್ಟದಿಂದ 800 ಮೀಟರಿನ ಆಸುಪಾಸಿನಲ್ಲಿರುವ ಎತ್ತರದ ಬಯಲು.

ನಮ್ಮ ಮನೆ ದಾರಿಯ ಪಕ್ಕ

ನಾನು ಹುಟ್ಟಿ ಬೆಳೆದದ್ದು ಕೊಟ್ಟಿಗೆಹಾರದ ಹತ್ತಿರ. ಶಿವರಾತ್ರಿಗೆ ವಾರ ಇದೆ ಅನ್ನುವಾಗ ನಮ್ಮ ಮನೆ ಮುಂದಿನ ರಸ್ತೆ ತುಂಬಿಬಿಡುತ್ತಿತ್ತು. ಬೆಂಗಳೂರು, ತುಮಕೂರು, ಹಾಸನದ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು, ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ನಮ್ಮ ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಅಮ್ಮ ದೊಡ್ಡ ಕೊಳಗದಲ್ಲಿ ಮಜ್ಜಿಗೆ ಮಾಡಿ, ಶುಂಠಿ ಕರಿಬೇವು ಜಜ್ಜಿ ಹಾಕಿ, ಜಗಲಿಯಲ್ಲಿ ಇಡುತ್ತಿದ್ದರು. ಲೋಟ ತೊಳೆದು ಕೊಡುವುದು ನನ್ನ ಕೆಲಸ. ಬಂದವರ ಹೆಸರು ಕೇಳುತ್ತಿರಲಿಲ್ಲ. "ಎಲ್ಲಿಂದ ಹೊರಟ್ರಿ, ಊಟ ಆಯ್ತಾ, ಕಾಲು ಹೆಂಗಿದೆ" ಇಷ್ಟೇ. ರಾತ್ರಿ ಜಗಲಿಯ ತುಂಬ ಜನ ಮಲಗಿರುತ್ತಿದ್ದರು, ಬೆಳಗ್ಗೆ ನಾವು ಏಳುವ ಹೊತ್ತಿಗೆ ಹೊರಟು ಹೋಗಿರುತ್ತಿದ್ದರು.

ಹಾಗಾಗಿ ಪಾದಯಾತ್ರೆ ಅಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಜಗಲಿ. ನಡೆಯುವುದು ಆಮೇಲೆ. ಕಮಿನೋ ಬಗ್ಗೆ ಓದಿದಾಗ, ಹೋಗಿ ಬಂದವರ ಮಾತು ಕೇಳಿದಾಗ, ನನಗೆ ಏನೋ ಒಂದು ಕಡಿಮೆ ಅನ್ನಿಸುತ್ತಿತ್ತು. ಎಲ್ಲರೂ ತಮ್ಮ ಕಾಲಿನ ಬಗ್ಗೆ, ತಮ್ಮ ಮನಸ್ಸಿನ ಬಗ್ಗೆ, ದಾರಿಯಲ್ಲಿ ತಮಗೆ ಹೊಳೆದದ್ದರ ಬಗ್ಗೆ ಹೇಳುತ್ತಾರೆ. ಅದು ಸುಳ್ಳಲ್ಲ. ಅಷ್ಟು ದಿನ ಒಬ್ಬರೇ ನಡೆದರೆ ಒಳಗಿನ ಮಾತು ಕೇಳಲೇಬೇಕು. ಆದರೆ ಅವರಿಗೆ ಮಜ್ಜಿಗೆ ಕೊಟ್ಟವರು ಯಾರು? ಅವರು ಎದ್ದು ಹೋದ ಮೇಲೆ ಜಗಲಿ ಗುಡಿಸಿದವರು ಯಾರು? ಅದನ್ನು ಹೇಳುವವರು ಕಡಿಮೆ.

ಕಮಾನಿನ ಕೆಳಗೆ

ಬುರ್ಗೋಸ್ ಬಿಟ್ಟ ಮೇಲೆ ಓರ್ನಿಯೋಸ್ ಬರುತ್ತದೆ, ಆಮೇಲೆ ಓಂತಾನಾಸ್. ಈ ಓಂತಾನಾಸ್ ಊರು ಬಯಲಿನ ಒಂದು ತಗ್ಗಿನಲ್ಲಿ ಕೂತಿದೆ. ಗಂಟೆಗಟ್ಟಲೆ ನಡೆದರೂ ಊರು ಕಾಣುವುದಿಲ್ಲ, ಕಾಲ ಕೆಳಗೇ ಬಂದ ಮೇಲೆ ಚರ್ಚಿನ ಗೋಪುರ ಕಾಣಿಸುತ್ತದೆ. ಇಲ್ಲಿನ ಬಹಳ ಊರುಗಳಿಗೆ ಇರುವುದು ಒಂದೇ ಬೀದಿ, ಆ ಬೀದಿಯೇ ಕಮಿನೋ. ಕಾಸ್ತ್ರೋಹೆರಿಸ್ ಊರಂತೂ ಗುಡ್ಡದ ಬುಡದಲ್ಲಿ ದಾರಿಯುದ್ದಕ್ಕೂ ಎಳೆದಂತೆ ಹಬ್ಬಿದೆ, ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಸಾಕಾಗುತ್ತದೆ. ಇದು ತಾನಾಗಿ ಆದದ್ದಲ್ಲ. 11, 12ನೇ ಶತಮಾನದಲ್ಲಿ ಇಲ್ಲಿನ ರಾಜರು ದಾರಿಯುದ್ದಕ್ಕೂ ಜನ ಬಂದು ನೆಲೆಸಲಿ ಅಂತ ಹಕ್ಕುಪತ್ರ ಕೊಟ್ಟು ಊರು ಕಟ್ಟಿಸಿದರು. ಫ್ರಾನ್ಸಿನಿಂದಲೂ ಜನ ಬಂದು ಅಂಗಡಿ ಇಟ್ಟರು. ಸೇತುವೆ ಕಟ್ಟಿದವರು, ಕಾಡು ಕಡಿದು ದಾರಿ ಮಾಡಿದವರು, ಆಸ್ಪತ್ರೆ ನಡೆಸಿದವರು ಸಂತರಾದರು. 1109ರಲ್ಲಿ ತೀರಿಕೊಂಡ ಸಾಂತೋ ದೊಮಿಂಗೋ ಮಾಡಿದ ಪುಣ್ಯದ ಕೆಲಸವೇ ರಸ್ತೆ, ಸೇತುವೆ, ಛತ್ರ. ಅವರ ಹೆಸರಿನಲ್ಲೇ ಒಂದು ಊರಿದೆ.

ಕಾಸ್ತ್ರೋಹೆರಿಸ್‌ಗೆ ಸ್ವಲ್ಪ ಮುಂಚೆ ಸಾನ್ ಆಂತೋನ್ ಅನ್ನುವ ಪಾಳು ಮಠ ಇದೆ. ದಾರಿ ಅದರ ಪಕ್ಕದಲ್ಲಿ ಹೋಗುವುದಿಲ್ಲ, ಅದರ ದೊಡ್ಡ ಕಲ್ಲಿನ ಕಮಾನಿನ ಕೆಳಗೇ ಹಾದುಹೋಗುತ್ತದೆ. 12ನೇ ಶತಮಾನದಲ್ಲಿ ಶುರುವಾದ ಮಠ. ಆ ಕಾಲದಲ್ಲಿ ಯುರೋಪಿನಲ್ಲಿ ಒಂದು ಭಯಂಕರ ಕಾಯಿಲೆ ಇತ್ತು. ಕೈಕಾಲು ಬೆಂಕಿ ಬಿದ್ದಂತೆ ಉರಿದು, ಕಪ್ಪಾಗಿ, ಕೊಳೆತು ಹೋಗುತ್ತಿತ್ತು. ಸಂತ ಆಂಥೋನಿಯ ಬೆಂಕಿ ಅಂತ ಕರೆಯುತ್ತಿದ್ದರು. ರೈ ಧಾನ್ಯದ ತೆನೆಗೆ ಹತ್ತುವ ಒಂದು ಶಿಲೀಂಧ್ರ ಅದಕ್ಕೆ ಕಾರಣ ಅಂತ ಜನಕ್ಕೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ. ರೋಗಿಗಳು ಉತ್ತರದ ರೈ ತಿನ್ನುವ ನಾಡುಗಳಿಂದ ನಡೆದು ಬರುತ್ತಿದ್ದರು, ಆಂತೋನ್ ಮಠದ ಸನ್ಯಾಸಿಗಳು ಗಾಯಕ್ಕೆ ಮದ್ದು ಹಚ್ಚಿ, ತಿನ್ನಲು ಗೋಧಿ ಬ್ರೆಡ್ ಕೊಡುತ್ತಿದ್ದರು. ವಿಷದ ಧಾನ್ಯ ಹೊಟ್ಟೆಗೆ ಹೋಗುವುದು ನಿಂತರೆ ಎಷ್ಟೋ ಜನಕ್ಕೆ ವಾಸಿಯಾಗುವುದು ಸಹಜ. ಜನ ಪವಾಡ ಅಂದರು. ನನಗೂ ಅದು ಸಣ್ಣ ಮಾತಾಗಿ ಕಾಣುವುದಿಲ್ಲ. ಯಾರ ಊರಿನವರೋ, ಯಾವ ಭಾಷೆಯವರೋ, ಕೊಳೆತ ಕಾಲಿನವರಿಗೆ ಒಳ್ಳೆಯ ರೊಟ್ಟಿ ಕೊಟ್ಟು ಕೂರಿಸಿಕೊಂಡರಲ್ಲ.

ಕಮಾನಿನ ಒಳಗೋಡೆಯಲ್ಲಿ ಎದುರುಬಾಗಿಲ ಪಕ್ಕ ಎರಡು ಗೂಡುಗಳಿವೆ. ರಾತ್ರಿ ಹೊತ್ತು ಮೀರಿ ಬಂದು ಬಾಗಿಲು ಹಾಕಿದ್ದು ಕಂಡವರಿಗೆ ಅಂತ ಅಲ್ಲಿ ಬ್ರೆಡ್, ವೈನ್ ಇಟ್ಟಿರುತ್ತಿದ್ದರು. ಈಗ ಅಲ್ಲಿ ನಡೆಯುವವರು ಚೀಟಿ ಬರೆದು, ಮೇಲೆ ಕಲ್ಲಿಟ್ಟು ಹೋಗುತ್ತಾರೆ. ನಾನು ಗೂಡಿನ ಅಂಚನ್ನು ಕೈಯಿಂದ ಮುಟ್ಟಿ ನೋಡಿದೆ. ಕಲ್ಲು ನುಣ್ಣಗಾಗಿತ್ತು. ನಮ್ಮ ಮನೆಯ ಜಗಲಿ ಕಂಬದಲ್ಲಿ ಬೆನ್ನು ಒರಗಿಸಿ ಒರಗಿಸಿ ಎಣ್ಣೆ ಹಿಡಿದ ಜಾಗ ನೆನಪಾಯಿತು. ಮಠ 18ನೇ ಶತಮಾನದ ಕೊನೆಗೆ ಮುಚ್ಚಿತು, ಛಾವಣಿ ಬಿದ್ದು ಹೋಗಿದೆ, ಆದರೂ ಬೇಸಿಗೆಯಲ್ಲಿ ಆ ಗೋಡೆಗಳ ನಡುವೆ ಕೆಲವೇ ಮಂಚಗಳ ಒಂದು ಛತ್ರ ನಡೆಯುತ್ತದೆ. ಕರೆಂಟ್ ಇಲ್ಲ, ಬಿಸಿನೀರಿಲ್ಲ. ರಾತ್ರಿ ಮೇಣದ ಬತ್ತಿ.

ಕೀಲಿಕೈ ಯಾರ ಹತ್ತಿರ ಇದೆ

ಮೆಸೆತಾದಲ್ಲಿ ನಡೆಯುವುದು ಹೇಗಿರುತ್ತೆ ಅಂತ ಕೇಳುತ್ತಾರೆ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಎಂಟು ಗಂಟೆಗೆ. ಕತ್ತಲಲ್ಲಿ ಹೊರಟರೆ ಬೆನ್ನ ಹಿಂದೆ ಬೆಳಕಾಗುತ್ತದೆ, ನಿಮ್ಮ ನೆರಳು ಉದ್ದಕ್ಕೆ ಮುಂದೆ ಬೀಳುತ್ತದೆ, ಮಧ್ಯಾಹ್ನದವರೆಗೂ ಅದನ್ನೇ ತುಳಿಯುತ್ತಾ ಪಶ್ಚಿಮಕ್ಕೆ ಹೋಗುವುದು. ಕಾರ್ರಿಯೋನ್ ಬಿಟ್ಟರೆ ಕಾಲ್ಸಾದಿಯಾದವರೆಗೆ 17 ಕಿಲೋಮೀಟರ್ ಒಂದು ಊರೂ ಇಲ್ಲ. ರೋಮನ್ನರು ಹಾಕಿದ ದಾರಿ, ಗೆರೆ ಎಳೆದಷ್ಟು ನೇರ. ಒಣಗಿ ತಲೆಬಾಗಿದ ಸೂರ್ಯಕಾಂತಿ ಹೊಲಗಳು, ಮಣ್ಣಿನ ಇಟ್ಟಿಗೆಯ ದುಂಡನೆಯ ಪಾರಿವಾಳದ ಮನೆಗಳು, ಅಲ್ಲೊಂದು ಇಲ್ಲೊಂದು ಟ್ರ್ಯಾಕ್ಟರ್. ನನಗೆ ಬೇಸರ ಆಗಲಿಲ್ಲ. ಅಷ್ಟು ದೂರದ ಬಯಲಿನಲ್ಲಿ ಒಂದು ಊರು ಕಂಡರೆ ಎಷ್ಟು ಸಮಾಧಾನವಾಗುತ್ತದೆ ಅನ್ನುವುದು ಬಸ್ಸಿನಲ್ಲಿ ಹೋದವರಿಗೆ ಹೇಗೆ ಗೊತ್ತಾಗಬೇಕು?

ಆದರೆ ಊರೊಳಗೆ ಹೋದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಹತ್ತು ಮನೆಯಲ್ಲಿ ಆರಕ್ಕೆ ಬೀಗ. ಮಣ್ಣಿನ ಗೋಡೆಗಳು ಮಳೆಗೆ ಕರಗಿ ಮತ್ತೆ ಮಣ್ಣಾಗುತ್ತಿವೆ. 1950, 60ರ ದಶಕದಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಹೊಲದಲ್ಲಿ ಕೆಲಸ ಕಡಿಮೆಯಾಯಿತು, ಹುಡುಗರು ಮ್ಯಾಡ್ರಿಡ್, ಬಿಲ್ಬಾವೋ, ಬಾರ್ಸಿಲೋನಾ ಕಾರ್ಖಾನೆಗಳಿಗೆ ಹೋದರು, ಶಾಲೆಗಳು ಮುಚ್ಚಿದವು. 2019ರ ಮಾರ್ಚ್‌ನಲ್ಲಿ ಇಂಥ ಊರುಗಳ ಜನ ಮ್ಯಾಡ್ರಿಡ್ ಬೀದಿಗೆ ಬಂದು, ನಮಗೂ ಡಾಕ್ಟರ್ ಬೇಕು, ರೈಲು ಬೇಕು, ಇಂಟರ್ನೆಟ್ ಬೇಕು ಅಂತ ದೊಡ್ಡ ಮೆರವಣಿಗೆ ಮಾಡಿದರು.

ಸಹಗೂನ್‌ಗೆ ಮುಂಚಿನ ಒಂದು ಊರಿನಲ್ಲಿ ಚರ್ಚಿನ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ಕೀಲಿಕೈ ಇಂಥ ಮನೆಯಲ್ಲಿದೆ ಅಂತ. ಆ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಬ್ರೆಡ್ ತರುವ ವ್ಯಾನ್ ಹಾರ್ನ್ ಹೊಡೆಯುತ್ತಾ ಬಂತು. ಊರಲ್ಲಿ ಅಂಗಡಿ ಇಲ್ಲ, ಬೇಕರಿ ಇಲ್ಲ, ವ್ಯಾನ್ ಬಂದಾಗಲೇ ಬ್ರೆಡ್. ಅಷ್ಟು ಹೊತ್ತು ಸದ್ದಿಲ್ಲದೆ ಇದ್ದ ಬೀದಿಯಲ್ಲಿ ಬಟ್ಟೆಚೀಲ ಹಿಡಿದ ನಾಲ್ಕೈದು ಅಜ್ಜಿಯರು ಕಾಣಿಸಿಕೊಂಡರು. ಅವರಲ್ಲೇ ಒಬ್ಬರು ಕೀಲಿಕೈಯವರು. ಕಾಗದ ತೋರಿಸಿ ಕೈಸನ್ನೆ ಮಾಡಿದೆ. ಅವರು ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬ್ರೆಡ್ಡಿನ ಒಂದು ತುದಿ ಮುರಿದು ಕೈಗಿಟ್ಟರು. ಆಮೇಲೆ ಏಪ್ರನ್ ಜೇಬಿನಿಂದ ಕೀಲಿಕೈ ತೆಗೆದರು. ನನ್ನ ಅಂಗೈಗಿಂತ ಉದ್ದದ, ತುಕ್ಕು ಹಿಡಿದ ಕಬ್ಬಿಣದ ಕೀಲಿಕೈ. ಎರಡೂ ಕೈಯಲ್ಲಿ ತಿರುಗಿಸಬೇಕು, ತಿರುಗಿಸುವಾಗ ಭುಜದಿಂದ ಬಾಗಿಲನ್ನು ನೂಕಬೇಕು. ಎಷ್ಟು ವರ್ಷದಿಂದ ಮಾಡುತ್ತಿದ್ದಾರೋ, ನೋಡದೆಯೇ ಮಾಡಿದರು.

ಒಳಗೆ ತಣ್ಣಗಿತ್ತು, ಮೇಣದ ವಾಸನೆ. ಅವರು ಲೈಟ್ ಹಾಕಿ, ಕರವಸ್ತ್ರ ತೆಗೆದು ವೇದಿಕೆಯ ಮೇಲಿನ ಧೂಳು ಒರೆಸಿ, ಆಮೇಲೆ ನನ್ನನ್ನು ಕರೆದು ಒಂದೊಂದಾಗಿ ತೋರಿಸಿದರು. ಟೋಪಿ ಹಾಕಿ ಕೋಲು ಹಿಡಿದ ಸಾಂತಿಯಾಗೋ, ಅಂದರೆ ಸಂತ ಯಾಕೋಬನ ವಿಗ್ರಹ, ಹುಳ ತಿಂದ ಮರ, ಅಲ್ಲಲ್ಲಿ ಉಳಿದ ಚಿನ್ನದ ಬಣ್ಣ. ಮಗುವಿಗೆ ಸ್ನಾನದೀಕ್ಷೆ ಕೊಡುವ ಕಲ್ಲಿನ ಬಾನಿಯ ಹತ್ತಿರ ನಿಂತು ತಮ್ಮ ಎದೆ ಮುಟ್ಟಿಕೊಂಡು, ನಾನು ಇಲ್ಲೇ, ನನ್ನ ಮಕ್ಕಳು ಇಲ್ಲೇ ಅಂದರು. ಮೊಮ್ಮಕ್ಕಳು? ಮ್ಯಾಡ್ರಿಡ್ ಅಂತ ಕೈ ಬೀಸಿದರು. ಪಾದ್ರಿಗಳು ಹಲವು ಊರು ನೋಡಿಕೊಳ್ಳಬೇಕಂತೆ, ಪ್ರತಿ ಭಾನುವಾರ ಬರುವುದಕ್ಕಾಗುವುದಿಲ್ಲ. ನನಗೆ ಬರುತ್ತಿದ್ದ ಮುರುಕು ಸ್ಪ್ಯಾನಿಷ್‌ನಲ್ಲಿ, ನೀವು ದಿನಾ ಹೀಗೆ ಬಂದು ತೆಗೆಯುತ್ತೀರಾ ಅಂತ ಕೇಳಿದೆ. ಕೇಳಿದವರಿಗೆಲ್ಲ ತೆಗೆಯುತ್ತೇನೆ ಅಂದರು. ಹೊರಗೆ ಬಂದ ಮೇಲೆ ಅವರು ಕೇಳಿದ್ದು ಮೂರು ಪ್ರಶ್ನೆ: ಎಲ್ಲಿಂದ ಬಂದೆ ಮಗಳೇ, ಊಟ ಆಯ್ತಾ, ಇವತ್ತು ರಾತ್ರಿಗೆ ಮಂಚ ಸಿಕ್ಕಿದೆಯಾ. ನಮ್ಮಮ್ಮ ಕೇಳುತ್ತಿದ್ದದ್ದೇ!

ನಾನು ಕ್ರಿಶ್ಚಿಯನ್ ಅಲ್ಲ. ಅದನ್ನು ಆ ದಾರಿಯಲ್ಲಿ ಯಾರೂ ಕೇಳಲಿಲ್ಲ ಅಂತ ಬಹಳ ಜನ ಬರೆಯುತ್ತಾರೆ, ನನ್ನನ್ನು ಕೆಲವರು ಕೇಳಿದರು. ಕೇಳಿ, ಹೌದಾ ಅಂದು, ತಟ್ಟೆಗೆ ಬಡಿಸಿದರು. ಅವರ ನಂಬಿಕೆಗೂ ಅವರ ಆದರಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳುವುದಿಲ್ಲ. ಸಂಬಂಧ ಇದೆ. 12ನೇ ಶತಮಾನದ ಯಾತ್ರಿಕರ ಕೈಪಿಡಿ ಒಂದಿದೆ, ಸಾಂತಿಯಾಗೋ ಕೆಥೆಡ್ರಲ್‌ನಲ್ಲಿರುವ ಕೋದೆಕ್ಸ್ ಕಾಲಿಸ್ತೀನುಸ್ ಎಂಬ ಹಸ್ತಪ್ರತಿಯ ಐದನೇ ಭಾಗ. ಯಾವ ಹೊಳೆಯ ನೀರು ಕುಡಿಯಬಹುದು, ಯಾವ ಊರಿನವರು ಹೇಗೆ, ಎಲ್ಲ ಅದರಲ್ಲಿದೆ. ಈ ಬಯಲುನಾಡಿನಲ್ಲಿ ರೊಟ್ಟಿ, ವೈನ್, ಹಾಲು, ಜೇನು ಬೇಕಾದಷ್ಟಿದೆ, ಮರ ಮಾತ್ರ ಇಲ್ಲ ಅಂತ ಆಗಲೇ ಬರೆದಿದ್ದಾರೆ! ಅದರ ಕೊನೆಯ ಅಧ್ಯಾಯ ದಾರಿ ನಡೆಯುವವರಿಗಲ್ಲ, ಮನೆಯಲ್ಲಿರುವವರಿಗೆ. ಯಾತ್ರಿಕರು ಬಡವರಾಗಲಿ ಶ್ರೀಮಂತರಾಗಲಿ, ಅವರನ್ನು ಬರಮಾಡಿಕೊಂಡವರು ಸಂತ ಯಾಕೋಬನನ್ನೇ, ದೇವರನ್ನೇ ಬರಮಾಡಿಕೊಂಡಂತೆ ಅನ್ನುತ್ತದೆ. ಒಂದು ಕಥೆಯೂ ಇದೆ. ಫ್ರಾನ್ಸಿನ ಒಂದು ಊರಲ್ಲಿ ಹೆಂಗಸೊಬ್ಬಳು ಬಿಸಿಬೂದಿಯಲ್ಲಿ ರೊಟ್ಟಿ ಬೇಯಲು ಇಟ್ಟುಕೊಂಡು, ಬೇಡಿ ಬಂದ ಯಾತ್ರಿಕನಿಗೆ ಇಲ್ಲ ಅಂದಳು. ಹಾಗಾದರೆ ಆ ರೊಟ್ಟಿ ಕಲ್ಲಾಗಲಿ ಅಂದು ಅವನು ಹೋದ. ಬೂದಿ ಕೆದಕಿದರೆ ಒಂದು ದುಂಡನೆಯ ಕಲ್ಲು. ಇಂಥ ಕಥೆ ಕೇಳಿಕೊಂಡು ಬೆಳೆದ ನಾಡು ಅದು.

ನಿನ್ನೆಯವರು ಹಾಕಿದ ದುಡ್ಡು

ಸಹಗೂನ್ ದಾಟಿದ ಮೇಲೆ ಒಂದು ಹಳ್ಳಿಯ ಛತ್ರದಲ್ಲಿ ಉಳಿದೆ. ದೊನಾತಿವೋ ಅನ್ನುವ ಬಗೆಯದು, ಅಂದರೆ ಬಾಡಿಗೆ ಇಲ್ಲ, ಡಬ್ಬಿಗೆ ಆದಷ್ಟು ಹಾಕುವುದು. ಗ್ರಾನ್ಯೋನ್ ಎಂಬ ಊರಿನಲ್ಲಿ ಚರ್ಚಿನ ಕಟ್ಟಡದಲ್ಲೇ ನೆಲದ ಮೇಲೆ ಚಾಪೆ ಹಾಕಿ ಮಲಗಿಸುತ್ತಾರೆ, ಅಲ್ಲಿ ಡಬ್ಬಿಗೆ ಮುಚ್ಚಳವೂ ಇಲ್ಲ. ಕೈಲಾದದ್ದು ಹಾಕಿ, ಬೇಕಾದದ್ದು ತೆಗೆದುಕೊಳ್ಳಿ ಅಂತ ಬರೆದಿದ್ದಾರೆ. ಈ ಛತ್ರದಲ್ಲೂ ಅದೇ ರೀತಿ. ನೋಡಿಕೊಳ್ಳುವವರನ್ನು ಓಸ್ಪಿತಲೇರೋ ಅನ್ನುತ್ತಾರೆ. ಸಂಬಳ ಇಲ್ಲದ ಸ್ವಯಂಸೇವಕರು. ತಾವೂ ಕಮಿನೋ ನಡೆದಿರಬೇಕು, ತರಬೇತಿ ತೆಗೆದುಕೊಂಡಿರಬೇಕು, ಆಮೇಲೆ 15 ದಿನಕ್ಕೆ ಒಂದು ಛತ್ರಕ್ಕೆ ಕಳಿಸುತ್ತಾರೆ. ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಕಕ್ಕಸು ತೊಳೆಯುವುದರಿಂದ ಹಿಡಿದು ರಾತ್ರಿ ಅಡುಗೆವರೆಗೆ ಎಲ್ಲ ಅವರದೇ.

ನಿವೃತ್ತಿಯಾದ ಒಬ್ಬ ಹೆಂಗಸು ಅವತ್ತು ಬಾಗಿಲಲ್ಲಿ ನಿಂತು ನಮ್ಮನ್ನು ಒಳಗೆ ಕರೆದು, ನೀರು ಕೊಟ್ಟು, ಆಮೇಲೆ ಪಾಸ್‌ಪೋರ್ಟ್ ಕೇಳಿದರು. ಸಂಜೆ ಅಡುಗೆಗೆ ಸೇರಿಸಿಕೊಂಡರು. ನನಗೆ ಬೆಳ್ಳುಳ್ಳಿ ಬಿಡಿಸುವ ಕೆಲಸ. ಮಾಡಿದ್ದು ಬೆಳ್ಳುಳ್ಳಿ ಸೂಪು, ಈ ಬಯಲಿನ ಬಡವರ ಊಟ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು, ಒಲೆಯಿಂದ ಇಳಿಸಿ ಕೆಂಪು ಮೆಣಸಿನ ಪುಡಿ ಹಾಕಿ (ಉರಿಯಲ್ಲಿ ಹಾಕಿದರೆ ಕಹಿಯಾಗುತ್ತದೆ ಅಂತ ಎರಡು ಸಲ ಹೇಳಿದರು), ಹಿಂದಿನ ದಿನದ ಒಣ ಬ್ರೆಡ್ ತೆಳ್ಳಗೆ ಕೊಯ್ದು ಅದರಲ್ಲಿ ಹೊರಳಿಸಿ, ನೀರು ಹಾಕಿ ಕುದಿಸಿ, ಕೊನೆಗೆ ಮೊಟ್ಟೆ ಒಡೆದು ಬಿಡುವುದು. ಹಂದಿ ಮಾಂಸ ಹಾಕುವ ವಾಡಿಕೆ ಇದೆ. ನನ್ನ ಮುಖ ನೋಡಿ ಅದನ್ನು ಬೇರೆ ಬಟ್ಟಲಲ್ಲಿ ಇಟ್ಟರು. ಮೊಟ್ಟೆ ತಿನ್ನದವರು ಮುಂಚೆಯೇ ಹೇಳಿದರೆ ಅದನ್ನೂ ಬಿಡುತ್ತಾರೆ, ನಮ್ಮವರಲ್ಲಿ ಹೋಗುವವರಿಗೆ ಗೊತ್ತಿರಲಿ.

ಊಟಕ್ಕೆ ಕೂತಾಗ ಆಕೆ ಒಂದು ಮಾತು ಹೇಳಿದರು. ಇವತ್ತಿನ ಊಟದ ಸಾಮಾನು ತಂದಿದ್ದು ನಿನ್ನೆ ಇಲ್ಲಿ ಮಲಗಿದ್ದವರು ಡಬ್ಬಿಗೆ ಹಾಕಿದ ದುಡ್ಡಿನಲ್ಲಿ. ಅವರನ್ನು ನೀವು ನೋಡಿಲ್ಲ. ನಾಳೆ ಬರುವವರನ್ನೂ ನೋಡುವುದಿಲ್ಲ, ಅವರ ಊಟ ನಿಮ್ಮ ದುಡ್ಡಿನಲ್ಲಿ. ಮೇಜಿನ ಸುತ್ತ ಕೂತವರು ಸ್ವಲ್ಪ ಹೊತ್ತು ಚಮಚ ಮುಟ್ಟಲಿಲ್ಲ. ಅಲ್ಲಿಯವರೆಗೆ ನನ್ನ ಪ್ರಯಾಣ ನನ್ನದು, ಖರ್ಚು ನನ್ನದು ಅಂದುಕೊಂಡೇ ಎಲ್ಲರೂ ನಡೆದಿದ್ದೆವು.

ಐದು ಲಕ್ಷ ಜನ, ಒಂದು ಬಯಲು

ಈ ದಾರಿ ನಿಂತೇ ಹೋಗುವ ಹಾಗಿತ್ತು ಅಂತ ಈಗ ನಂಬುವುದು ಕಷ್ಟ. 1986ರಲ್ಲಿ ಸಾಂತಿಯಾಗೋ ಮುಟ್ಟಿ ಪ್ರಮಾಣಪತ್ರ ತೆಗೆದುಕೊಂಡವರು ಎರಡೂವರೆ ಸಾವಿರದಷ್ಟು. 2024ರಲ್ಲಿ ಐದು ಲಕ್ಷದ ಹತ್ತಿರ. ನಡುವೆ ಆದದ್ದು ಬಹಳ, ಆದರೆ ನಾನು ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಓ ಸೆಬ್ರೇರೋ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯಾ. 1984ರಲ್ಲಿ ಅವರು ಕಾರಿನಲ್ಲಿ ಹಳದಿ ಬಣ್ಣದ ಡಬ್ಬಿ ಇಟ್ಟುಕೊಂಡು, ಕವಲು ಸಿಕ್ಕಲ್ಲೆಲ್ಲ ಮರಕ್ಕೆ, ಕಲ್ಲಿಗೆ, ಗೋಡೆಗೆ ಬಾಣದ ಗುರುತು ಹಾಕಲು ಶುರು ಮಾಡಿದರು. ಇವತ್ತು ಎಲ್ಲರೂ ಹಿಡಿದು ನಡೆಯುವುದು ಅದೇ ಹಳದಿ ಬಾಣಗಳನ್ನು. 1989ರಲ್ಲಿ ಅವರು ತೀರಿಕೊಂಡರು. 1993ರಲ್ಲಿ ಯುನೆಸ್ಕೋ ಸ್ಪೇನಿನ ಈ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಜನ ಜಾಸ್ತಿ ಆದದ್ದು ಒಳ್ಳೆಯದೇ. ಆದರೆ ಎಲ್ಲಿ ಜಾಸ್ತಿ ಅನ್ನುವುದನ್ನು ನೋಡಬೇಕು. ಪ್ರಮಾಣಪತ್ರಕ್ಕೆ ಕೊನೆಯ 100 ಕಿಲೋಮೀಟರ್ ನಡೆದರೆ ಸಾಕು, ಹಾಗಾಗಿ ದೊಡ್ಡ ಗುಂಪು ಸಾರ್ರಿಯಾ ಊರಿನಿಂದ ಶುರು ಮಾಡುತ್ತದೆ. ರಜೆ ಸಿಗದವರನ್ನು ನಾನು ಆಡಿಕೊಳ್ಳುವುದಿಲ್ಲ. ಒಂದು ವಾರ ರಜೆಗೆ ಮೇಲಿನವರ ಹತ್ತಿರ ಎಷ್ಟು ಹೇಳಿಕೊಳ್ಳಬೇಕು ಅಂತ ಗೊತ್ತು. ನನ್ನ ತಕರಾರು ಇರುವುದು ಪೂರ್ತಿ ದಾರಿಗೆ ಅಂತ ಬಂದು, ಈ ಬಯಲು ಬಂದಾಗ ಬಸ್ಸು ಹತ್ತುವವರ ಬಗ್ಗೆ. ಕಾಲಿಗೆ ಗುಳ್ಳೆ ಎದ್ದು ಹತ್ತಿದರೆ ಬೇರೆ ಮಾತು. ನೋಡೋಕೆ ಏನಿಲ್ಲ ಅಂತ ಹತ್ತಿದರೆ ಆ ಊರುಗಳ ಗತಿ ಏನು? ಒಂದು ಬಾರಿನ ಯಜಮಾನ ನನಗೆ ಹೇಳಿದ್ದು ಇದು: ನೀವು ಕುಡಿಯುವ ಕಾಫಿಯಿಂದ ಈ ಬಾರು ತೆರೆದಿದೆ, ಬಾರು ತೆರೆದಿರುವುದರಿಂದ ಸಂಜೆ ಊರಿನ ಮುದುಕರಿಗೆ ಕೂತು ಇಸ್ಪೀಟ್ ಆಡಲು ಒಂದು ಜಾಗ ಇದೆ. ಚಳಿಗಾಲದಲ್ಲಿ ಬಾಗಿಲು ಹಾಕುತ್ತಾನಂತೆ. ಆಗ ಅವರು ಎಲ್ಲಿಗೆ ಹೋಗುತ್ತಾರೆ ಅಂದೆ. ಮನೆಯಲ್ಲೇ ಇರುತ್ತಾರೆ ಅಂದ.

ದಾರಿ ಇದ್ದದ್ದರಿಂದ ಹುಟ್ಟಿದ ಊರುಗಳು ಅವು. ಈಗ ಅವೇ ದಾರಿಯನ್ನು ಹಿಡಿದುಕೊಂಡಿವೆ. ಮುಂದಿನ ಊರಿನಲ್ಲಿ ನೀರಿನ ನಲ್ಲಿ ಇದೆ, ಮಂಚ ಇದೆ, ಒಂದು ಬಾಗಿಲು ತೆರೆಯುತ್ತೆ ಅನ್ನುವ ನಂಬಿಕೆ ಇಲ್ಲದಿದ್ದರೆ 17 ಕಿಲೋಮೀಟರ್ ಬಯಲಿಗೆ ಯಾರು ಕಾಲಿಡುತ್ತಾರೆ ಹೇಳಿ? ನಡೆಯುವವರು ಎಷ್ಟೇ ಲಕ್ಷ ಇರಲಿ, ಆ ಬಾಗಿಲು ತೆಗೆಯುವವರು ಬೆರಳೆಣಿಕೆಯಷ್ಟು, ಬಹಳ ಜನಕ್ಕೆ ವಯಸ್ಸಾಗಿದೆ.

ಹೋಗುವವರು ಇದ್ದರೆ ನನ್ನ ಕೋರಿಕೆ ಇಷ್ಟು. ಮೆಸೆತಾ ಬಿಡಬೇಡಿ. ದೊಡ್ಡ ಊರುಗಳ ನಡುವಿನ ಸಣ್ಣ ಊರುಗಳಲ್ಲಿ ರಾತ್ರಿ ಉಳಿಯಿರಿ. ಬ್ರೆಡ್ ವ್ಯಾನ್ ಬಂದರೆ ಅಲ್ಲೇ ಕೊಳ್ಳಿ. ದೊನಾತಿವೋ ಡಬ್ಬಿ ಅಂದರೆ ಪುಕ್ಕಟೆ ಅಂತಲ್ಲ, ಪಕ್ಕದ ಖಾಸಗಿ ಹಾಸ್ಟೆಲ್‌ಗೆ ಕೊಡುವಷ್ಟನ್ನಾದರೂ ಹಾಕಿ. ಚರ್ಚಿನ ಕೀಲಿಕೈ ಯಾರ ಹತ್ತಿರ ಇದೆ ಅಂತ ಕೇಳಿ, ಕೇಳುವವರು ಇರುವ ತನಕ ಅವರು ತೆಗೆಯುತ್ತಾರೆ.

ನಾನು ಇನ್ನೊಂದು ಸಲ ನಡೆಯುವ ಯೋಚನೆಯಲ್ಲಿಲ್ಲ. ಓಸ್ಪಿತಲೇರೋ ತರಬೇತಿಗೆ ಹೆಸರು ಕೊಡಬೇಕು ಅಂತ ಇದ್ದೇನೆ, ಅದಕ್ಕೆ ಸಂಜೆ ಹೊತ್ತು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಅಮ್ಮನಿಗೆ ಹೇಳಿದರೆ, ಅಷ್ಟು ದೂರ ಹೋಗಿ ಕಂಡವರ ಬಾತ್‌ರೂಮ್ ತೊಳೀತೀಯಾ ಅನ್ನಲಿಲ್ಲ. ಎಷ್ಟು ಜನಕ್ಕೆ ಅಡುಗೆ ಅಂತ ಕೇಳಿದರು. ಮೂವತ್ತು ಇರಬಹುದು ಅಂದೆ. ಅಲ್ಲಿ ಬೇಳೆಕಾಳು ಸಿಗುತ್ತಾ ಅಂದರು. ಸಿಗುತ್ತೆ, ಆ ಬಯಲಿನಲ್ಲಿ ಮಸೂರ ಬೆಳೆಯುತ್ತಾರೆ, ತಿನ್ನುತ್ತಾರೆ. ಹಾಗಾದ್ರೆ ಸಾರಿನ ಪುಡಿ ಮಾಡಿಕೊಡ್ತೀನಿ, ಖಾರ ಕಮ್ಮಿ ಹಾಕ್ತೀನಿ ಅಂದರು.